ಒಂದೇ ಕಣ್ಣು ತೆರೆದವಳು

ದಿಂಬಂ ಘಾಟಿಯ ಅಷ್ಟೂ ತಿರುವುಗಳಲ್ಲಿ ನಾನು ಕಣ್ಣು ಮುಚ್ಚಿಕೊಂಡೇ ಕಾರು ಹತ್ತಿಸಿದೆ. ಬೇಕಾದರೆ ನಂಬಿ, ಬೇಡವಾದರೆ ಬಿಡಿ. ನಡುವೆ ಒಮ್ಮೆ ಮಾತ್ರ ಕಣ್ಣು ಬಿಟ್ಟೆ. ಎದುರಿಗೆ ಬಂದ ಒಂಟಿ ಸಲಗ ಸೊಂಡಿಲೆತ್ತಿ ನಮಸ್ಕಾರ ಹೇಳಿತು. ತಿರುಗಿ ಹೇಳದೆ ಹೋಗುವುದು ಮರ್ಯಾದಸ್ಥರ ಲಕ್ಷಣವಲ್ಲ.

ಸಾಕ್ಷಿಗೆ ಪಕ್ಕದ ಸೀಟಿನಲ್ಲಿ ಶಿವರಂಜನಿ ಇದ್ದಳು. ಅವಳ ಕಣ್ಣೂ ಮುಚ್ಚಿತ್ತು. ನನ್ನದು ಆಲೋಚನೆಗೆ, ಅವಳದು ಜೀವಭಯಕ್ಕೆ.

ಚಾಮರಾಜನಗರ ದಾಟಿ, ನಂಜನಗೂಡು ಇನ್ನೇನು ಬಂತು ಎನ್ನುವಾಗ ಗಕ್ಕನೆ ಬ್ರೇಕು ಒತ್ತಿದೆ.

“ಏನಾಯ್ತು?” ಅವಳು ಡ್ಯಾಶ್‌ಬೋರ್ಡು ಹಿಡಿದುಕೊಂಡಳು.

“ಸುಳಿವಿನ ವಾಸನೆ.”

“ಅದು ನಿಮ್ಮ ಕ್ಲಚ್ ಪ್ಲೇಟ್ ಸುಟ್ಟ ವಾಸನೆ, ಅಂಕಲ್.”

ಇಲ್ಲಿಯವರೆಗಿನದು ಒಂದೇ ಉಸಿರಿನಲ್ಲಿ: ರಸ್ತೆ ಬದಿಗೆ ಬೆಟ್ಟದಂಥ ಸಿಮೆಂಟಿನ ಗೊಂಬೆಗಳನ್ನು ಕಟ್ಟುವ ಮುಡುಕುತೊರೆಯ ಶಿವಮಲ್ಲಪ್ಪನವರು ವಾರದಿಂದ ನಾಪತ್ತೆ, ಫೋನು ಬಂದ್, ಕೊಯಮತ್ತೂರಿನ ಬಟ್ಟೆ ಮಿಲ್ಲಿನಲ್ಲಿ ನೇಯ್ಗೆಯ ತಪ್ಪು ಹುಡುಕುವ ಕೆಲಸದಲ್ಲಿರುವ ಅವರ ಒಬ್ಬಳೇ ಮಗಳು ಶಿವರಂಜನಿ ಫೋನಿನಲ್ಲಿ ಅಮ್ಮನ ಅಳು ಕೇಳಿ ರಜೆ ಹಾಕಿ ಊರಿಗೆ ಹೊರಟಿದ್ದಾಳೆ, ದಾರಿಯುದ್ದಕ್ಕೂ ಅಪ್ಪನನ್ನು ಹುಡುಕಲು ಆ ಅಮ್ಮನೇ ಗೊತ್ತುಮಾಡಿ ಅವಳ ಜೊತೆಗೆ ಕಳಿಸಿದವನು, ಏಳು ರಾಜ್ಯಗಳ ಪೊಲೀಸರು ಕೈಚೆಲ್ಲಿದ ಮೇಲೆ ಬಂದು ಬಾಗಿಲು ತಟ್ಟುವ ಪತ್ತೇದಾರ ಮಹಾದೇವಸ್ವಾಮಿ, ಅಂದರೆ ನಾನು.

ರಸ್ತೆಯ ಎಡಕ್ಕೆ ಒಂದು ಬಾಳೆಹಣ್ಣು ನಿಂತಿತ್ತು.

ಕೈಯಲ್ಲಿ ಹಿಡಿದು ಸುಲಿಯುವ ಬಾಳೆಹಣ್ಣನ್ನು ಮನಸ್ಸಿನಿಂದ ತೆಗೆದುಹಾಕಿ. ಇದರ ತುದಿಯಲ್ಲಿ ಕೂತ ಕಾಗೆಗೆ ಊಟಿಯ ಮಾರ್ಕೆಟ್ಟು ಕಾಣುತ್ತದೆ. ಇದರ ನೆರಳಿನಲ್ಲಿ ಕಟ್ಟಿದ ಎಮ್ಮೆಗಳು ಸಂಜೆಯಾಯಿತೆಂದು ತಿಳಿದು ಮಧ್ಯಾಹ್ನವೇ ಹಟ್ಟಿಗೆ ಹೊರಟುಬಿಡುತ್ತವೆ. ನಂಜನಗೂಡಿನ ರಸಬಾಳೆ, ಮಾಗಿ ಬಿರಿಯುವ ಹದದಲ್ಲಿ, ಸಿಪ್ಪೆ ಒಂದು ಕಡೆ ತುಸು ಬಾಗಿ ಬಾಗಿಲಾಗಿದೆ. ಆ ಬಾಗಿಲೊಳಗೆ ದೇವಯ್ಯ ಎಂಬಾತ ಬಾಳೆಹಣ್ಣು ಮಾರುತ್ತಾನೆ.

“ಬನ್ನಿ ಬನ್ನಿ,” ಎಂದ ದೇವಯ್ಯ. “ಎಲ್ಲಾರೂ ಅಣ್ಣ ಒಟ್ಟೇಲಿ ಇಟ್ಕತಾರೆ. ನಾನು ಅಣ್ಣಿನ ಒಟ್ಟೇಲಿ ಕುಂತಿವ್ನಿ.”

ಶಿವರಂಜನಿ ಅವನ ಮಾತು ಕೇಳಿಸಿಕೊಂಡಳೋ ಇಲ್ಲವೋ. ಕತ್ತು ಹಿಂದಕ್ಕೆ ಚೆಲ್ಲಿ ಮೇಲೆ ನೋಡುತ್ತಾ ಅದರ ಸುತ್ತ ಒಂದು ಸುತ್ತು ಬಂದಳು. ಚಪ್ಪಲಿ ಬಿಟ್ಟು ಇನ್ನೊಂದು ಸುತ್ತು ಬಂದಳು.

“ಇದು ಅಪ್ಪ ಮಾಡಿದ್ದಾ?”

“ನೋಡೇ ಇಲ್ವಾ ನೀನು?” ಎಂದೆ ನಾನು.

“ನಾನು ರೈಲಲ್ಲಿ ಬೆಂಗಳೂರು ಸುತ್ಕೊಂಡು ಬರ್ತೀನಿ. ಈ ರಸ್ತೆಗೆ ಕಾಲಿಟ್ಟೇ ಇಲ್ಲ.” ಹಳದಿ ಸಿಪ್ಪೆಯ ಮೇಲಿನ ಕಪ್ಪು ಚುಕ್ಕೆಯೊಂದನ್ನು ಅವಳು ಬೆರಳಿನಿಂದ ಮುಟ್ಟಿದಳು. “ಅಪ್ಪ ಫೋಟೋ ಕಳಿಸೋರು. ಫೋಟೋದಲ್ಲಿ ಎಲ್ಲಾ ಇಷ್ಟಿಷ್ಟೇ ಕಾಣ್ತಿತ್ತು. ಸ್ಕೂಲಲ್ಲಿ ನನ್ನ ‘ಬದನೆಕಾಯಿ ಮಗಳು’ ಅಂತಿದ್ರು, ಅಪ್ಪ ಮೊದಲು ಮಾಡಿದ್ದು ಬದನೆಕಾಯಿ. ಆಮೇಲೆ ನಾನು ಏನು ಮಾಡಿದ್ರಿ ಅಂತ ಕೇಳೋದನ್ನೇ ಬಿಟ್ಟೆ.”

“ಆ ಚುಕ್ಕೆ ನೋಡ್ರವ್ವ,” ಎಂದ ದೇವಯ್ಯ. “ಒಂದ್ರಂಗೆ ಒಂದಿಲ್ಲ. ಒಂದು ಗೊನೆ ಕೊಯ್ಸಿ ನೇತಾಕ್ಸಿ, ಅದ್ನ ನೋಡ್ಕಂಡು ನೋಡ್ಕಂಡೇ ಬರುದ್ರು. ಇವ್ರು ಬರುದು ಮುಗ್ಸೋ ಒತ್ಗೆ ಅಲ್ಲಿ ಗೊನೆ ಕೊಳ್ತೇ ಓಗಿತ್ತು. ನೀವು ಮಲ್ಲಪ್ಪೋರ ಮಗ್ಳು ಅಲ್ವಾ? ಅವ್ರೇ ಏಳಿದ್ರು, ಇವತ್ತು...”

ಆಗ ನನ್ನ ಕಾಲು ಅಕಸ್ಮಾತ್ತಾಗಿ ದೇವಯ್ಯನ ಕಾಲಿನ ಮೇಲೆ ಬಿತ್ತು. ನನ್ನ ಕಾಲು ಒಮ್ಮೆ ಬಿದ್ದರೆ ಎತ್ತಲು ಕ್ರೇನು ಬೇಕು.

“ಇವತ್ತು ಏನು?” ಎಂದಳು ಶಿವರಂಜನಿ.

“ಇವತ್ತು... ಇವತ್ತು ಬಿಸ್ಲು ಜಾಸ್ತಿ,” ಎಂದ ದೇವಯ್ಯ, ಕಣ್ಣಲ್ಲಿ ನೀರು ತುಂಬಿಕೊಂಡು. ಕಾಲು ಬಿಡಿಸಿಕೊಂಡ ಮೇಲೆ ಒಂದು ಒಳ್ಳೆಯ ಸುಳಿವೂ ಕೊಟ್ಟ. “ನರಸೀಪುರದ ರೋಡಲ್ಲಿ ಓಟ್ಲು ಕಟ್ಟಿಸ್ತಾವ್ನಲ್ಲ ರುದ್ರೇಶ, ಅವ್ನಿಗೂ ಮಲ್ಲಪ್ಪೋರ್ಗೂ ಜೋರು ಮಾತಾಯ್ತಂತೆ. ‘ಮೊಕ ಬದ್ಲಾಯ್ಸು, ಇಲ್ಲಾಂದ್ರೆ ನಾನೇ ಒಡಸ್ತೀನಿ’ ಅಂತಾನಂತೆ ಅವ್ನು.”

“ಯಾರ ಮುಖ?”

“ಅದ್ ಗೊತ್ತಿಲ್ಲ ಕನವ್ವ.”

ಕಾರು ಹತ್ತಿದ ಮೇಲೆ ಶಿವರಂಜನಿ ಹಿಂದಿನ ಗಾಜಿನಲ್ಲಿ ಬಾಳೆಹಣ್ಣು ಮರೆಯಾಗುವವರೆಗೂ ನೋಡುತ್ತಿದ್ದಳು.

“ರುದ್ರೇಶ್,” ಎಂದೆ ನಾನು ಗಂಭೀರವಾಗಿ. “ಹೆಸರು ಕೇಳಿದ ಕೂಡಲೇ ನನ್ನ ಎಡಕಿವಿ ಅದುರಿತು. ಇಂಥ ಅದುರಿಗೆ ಹೆದರಿ ಎಷ್ಟು ಕಳ್ಳರು ತಾವಾಗಿಯೇ ಜೈಲಿಗೆ ಹೋಗಿದ್ದಾರೆ ಗೊತ್ತಾ?”

“ಅಂಕಲ್, ಅಪ್ಪ ಬದುಕಿದ್ದಾರಾ?”

ನಾನು ಹಾರ್ನು ಮಾಡಿದೆ. ಎದುರಿಗೆ ಯಾರೂ ಇರಲಿಲ್ಲ.

ನಂಜನಗೂಡಿನ ಪೇಟೆ ದಾಟಿ ನರಸೀಪುರದ ರಸ್ತೆ ಹಿಡಿದೆವು. ಎರಡೂ ಕಡೆ ಕಬ್ಬು. ಆ ಕಬ್ಬಿನ ನಡುವಿನಿಂದ ಕೆಂಪಗೆ ಒಂದು ಗುಡ್ಡ ಎದ್ದು ಬಂತು. ಬೆಂಕಿಯ ಕೆಂಪು. ನೆತ್ತಿಯ ಮೇಲೆ ಮಾತ್ರ ಕಡುಕಪ್ಪು.

“ಗುಲಗಂಜಿ!” ಎಂದು ಶಿವರಂಜನಿ ಕೂಗಿದಳು.

ಹೌದು, ಗುಲಗಂಜಿ. ಬೆರಳ ಸಂದಿನಿಂದ ಜಾರಿ ಕಳೆದುಹೋಗುವ ಬೀಜ. ಇಲ್ಲಿ ಅದು ಮೂರಂತಸ್ತಿನ ಮನೆಗಿಂತ ಎತ್ತರಕ್ಕೆ ಕೂತಿತ್ತು. ನನ್ನ ಲೆಕ್ಕದಲ್ಲಿ ಇದನ್ನು ತಕ್ಕಡಿಗೆ ಹಾಕಿದರೆ ಇನ್ನೊಂದು ತಟ್ಟೆಗೆ ಚಾಮುಂಡಿ ಬೆಟ್ಟವನ್ನೇ ಹಾಕಬೇಕು, ಮೇಲೆ ಒಂದು ಚೂರು ಬೆಲ್ಲ.

ಅದರ ಬುಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ವೆಂಕಟಲಕ್ಷ್ಮಿ ಮೇಡಂ ಕೂತಿದ್ದರು. ರಿಟೈರಾದ ಸ್ಕೂಲು ಟೀಚರು. ಜಮೀನು ಅವರದು, ಹುಚ್ಚೂ ಅವರದು.

“ನರಸೀಪುರದ ದೇವರ ಕೈಲಿ ಗುಲಗಂಜಿ ಇದೆ ಅಂತ ಪಾಠ ಮಾಡಿದ್ರೆ, ‘ಗುಲಗಂಜಿ ಅಂದ್ರೇನು ಮಿಸ್’ ಅನ್ನೋವು ಮಕ್ಕಳು. ತಂದು ತೋರಿಸಿದ್ರೆ ಹಿಂದಿನ ಬೆಂಚಿನೋರು ‘ಕಾಣಲ್ಲ ಮಿಸ್’ ಅನ್ನೋವು. ಸರ್ವಿಸ್ ಪೂರ್ತಿ ಇದೇ ಆಯ್ತು. ಅದಕ್ಕೇ ಕಾಣೋ ಹಾಗೆ ಮಾಡಿಸ್ಬಿಟ್ಟೆ. ಒಳಗೆ ಬಾಮ್ಮಾ. ಮೆತ್ತಗೆ ಮಾತಾಡು, ಅಷ್ಟೇ.”

ಒಳಗೆ ತಂಪು. ಮೇಲಿನ ಒಂದು ಸಣ್ಣ ಕಿಂಡಿಯಿಂದ ಬೆಳಕಿನ ಕಡ್ಡಿ ಇಳಿದಿತ್ತು. ಗುಂಡಗೆ, ನುಣ್ಣಗೆ, ಎಲ್ಲೂ ಮೂಲೆ ಎಂಬುದೇ ಇಲ್ಲ. ಶಿವರಂಜನಿ ಗೋಡೆಗೆ ಬಾಯಿ ಇಟ್ಟು, ತನಗೇ ಕೇಳಿಸದಷ್ಟು ಮೆಲ್ಲಗೆ, “ಅಪ್ಪಾ” ಎಂದಳು.

ಆ ಮಾತು ಗೋಡೆ ಹಿಡಿದು ಹರಿಯಿತು. ಎದುರು ಬದಿಯಲ್ಲಿ ನಿಂತಿದ್ದ ನನ್ನ ಕಿವಿಯ ಹತ್ತಿರ ಬಂದು “ಅಪ್ಪಾ” ಎಂದು, ಮುಂದೆ ಹೋಗಿ, ಸುತ್ತು ಹಾಕಿಕೊಂಡು ಅವಳ ಬೆನ್ನ ಹಿಂದಿನಿಂದ ಮತ್ತೆ ಅವಳನ್ನೇ ಕರೆಯಿತು. ಅವಳು ಬೆಚ್ಚಿ ತಿರುಗಿದಳು. ಅಲ್ಲಿ ಯಾರೂ ಇರಲಿಲ್ಲ. ನನ್ನಂಥವನೂ ಬಾಯಿ ಮುಚ್ಚಿಕೊಂಡ ಜಾಗ ಅದೊಂದೇ. ಅಲ್ಲಿ ಬಾಯಿ ಬಿಟ್ಟರೆ ಬಿಟ್ಟ ಮಾತು ತಿರುಗಿ ಬಂದು ಬಿಟ್ಟವನನ್ನೇ ಹಿಡಿದುಕೊಳ್ಳುತ್ತದೆ.

ಹೊರಗೆ ಬಂದಾಗ ಅವಳ ರೆಪ್ಪೆ ಒದ್ದೆಯಾಗಿತ್ತು.

“ಮೇಡಂ, ಅಪ್ಪ ಈ ಕಡೆ ಬಂದಿದ್ರಾ?”

“ಮೊನ್ನೆ ಬಂದಿದ್ರಲ್ಲ! ರಾತ್ರಿ ಇಲ್ಲೇ ಒಳಗೆ ಮಲಗಿದ್ರು. ಬೆಳಿಗ್ಗೆ ಎದ್ದು, ‘ಮೇಡಂ, ನಿಮ್ಮ ಗೋಡೆ ಕನ್ನಡಿ ಎರಡು ದಿನ ಕೊಡಿ’ ಅಂದ್ರು. ಕೊಟ್ಟೆ. ಒಂದು ಡಬ್ಬಿ ಕಪ್ಪು ಪೇಂಟು, ಸಣ್ಣ ಬ್ರಶ್ಶು, ನನ್ನ ಕನ್ನಡಿ. ಬಸ್ಸಿಗೆ ಹತ್ತಿಕೊಂಡು ನರಸೀಪುರದ ಕಡೆ ಹೋದ್ರು. ಈಗ ತಲೆ ಬಾಚಿಕೊಳ್ಳೋಕೆ ಪಾತ್ರೆ ತಳ ನೋಡ್ಕೋತಿದ್ದೀನಿ.”

“ಹಾ!” ಎಂದೆ ನಾನು. “ಕನ್ನಡಿ. ಅಂದರೆ ಅವರು ವೇಷ ಬದಲಾಯಿಸಿದ್ದಾರೆ.”

“ಅಲ್ಲ ಅಂಕಲ್.” ಶಿವರಂಜನಿಯ ದನಿ ಏರಿತು. “ಅಪ್ಪ ಯಾವುದೋ ಗೊಂಬೆಗೆ ಕಣ್ಣು ತೆರೀತಿದ್ದಾರೆ. ಎಲ್ಲಾ ಮುಗಿದ ಮೇಲೆ ಕಣ್ಣು. ಬದನೆಕಾಯಿ ಮೇಲೆ ಒಂದು ಹುಳ ಮಾಡಿದ್ರು, ಆ ಹುಳದ ಕಣ್ಣನ್ನೂ ಕೊನೇಗೇ ಬರೆದ್ರು. ಅದುವರೆಗೂ ಬಟ್ಟೆ ಕಟ್ಟಿರ್ತಾರೆ. ಬರೆಯೋವಾಗ ನೇರ ನೋಡಲ್ಲ. ಬೆನ್ನು ತಿರುಗಿಸಿ ನಿಂತು, ಕನ್ನಡೀಲಿ ನೋಡ್ಕೊಂಡು ಬರೀತಾರೆ. ಮೊದಲ ನೋಟ ಮಾಡಿದವನ ಮೇಲೆ ಬೀಳಬಾರದಂತೆ.”

“ನಾನೂ ಅದನ್ನೇ ಹೇಳಲು ಹೊರಟಿದ್ದೆ.”

“ಒಂದು ಕಣ್ಣು ಮುಟ್ಟಿದ್ರೆ ಇನ್ನೊಂದು ಮುಗಿಯೋತನಕ ಬೊಂಬಿನ ಸಾರುವೆ ಬಿಟ್ಟು ಇಳಿಯಲ್ಲ. ಊಟ ಇಲ್ಲ, ಮಾತಿಲ್ಲ. ಒಂದ್ಸಲ ಅಜ್ಜಿ ತೀರಿಕೊಂಡ್ರು ಅಂತ ಯಾರೋ ಕೆಳಗಿಂದ ಕೂಗಿದ್ರೂ ಇಳೀಲಿಲ್ಲ. ಎರಡನೇ ಕಣ್ಣು ಮುಗಿಸಿ, ಇಳಿದು ಬಂದು ಆಮೇಲೆ ಅತ್ರು.”

ವೆಂಕಟಲಕ್ಷ್ಮಿ ಮೇಡಂ ಕುರ್ಚಿಯಿಂದ ಎದ್ದು ನಿಂತರು. “ರುದ್ರೇಶನ ಹೋಟ್ಲು ಹತ್ರ ಒಂದು ದೊಡ್ಡದು ನಿಂತಿದೆಯಂತೆ. ಅಲ್ಲಿಗೆ ಹೋಗಿ. ಸಿಕ್ಕಿದ್ರೆ ಮೊದಲು ಅವರನ್ನ ಬೈಯಿರಿ. ಆಮೇಲೆ ನನ್ನ ಕನ್ನಡಿ ಕೇಳಿ.”

ಮುಂದಿನ ದಾರಿಯನ್ನು ನಾನು ವಿಮಾನಕ್ಕಿಂತ ವೇಗವಾಗಿ ಕ್ರಮಿಸಿದೆ. ಹಿಂದಿನಿಂದ ಬಂದ ಟ್ರ್ಯಾಕ್ಟರು ನಮ್ಮನ್ನು ದಾಟಿ ಮುಂದೆ ಹೋದದ್ದು ಅದರ ಅಹಂಕಾರ, ನನ್ನ ಕಾರಿನ ದೋಷವಲ್ಲ. ಬಿಸಿಲು ಕಬ್ಬಿನ ಸೂಲಂಗಿ ಹೂಗಳ ಮೇಲೆ ಹಳದಿಗೆ ತಿರುಗುವ ಹೊತ್ತಿಗೆ ಬೋರ್ಡಿಲ್ಲದ ಒಂದು ಮಣ್ಣು ರಸ್ತೆಗೆ ತಿರುಗಿಸಿ, ಕಾಲುವೆ ಏರಿಯ ಮೇಲೆ ನಿಲ್ಲಿಸಿದೆ.

ಶಿವರಂಜನಿ ಇಳಿಯಲಿಲ್ಲ. ಗಾಜಿನೊಳಗಿಂದಲೇ ನೋಡುತ್ತಾ ಕೂತುಬಿಟ್ಟಳು.

ಕಾಲುವೆಯ ದಂಡೆಯ ಮೇಲೆ ಒಬ್ಬಳು ಹುಡುಗಿ ಕೂತಿದ್ದಳು. ದಂಡೆಗೆ ಎರಡೂ ಪಾದ ಊರಿ, ಹೆಬ್ಬೆರಳಷ್ಟನ್ನೇ ನೀರಿಗೆ ಇಳಿಬಿಟ್ಟಿದ್ದಳು. ಅವಳ ಹೆಬ್ಬೆರಳಿಗೆ ತಾಕಿದ ನೀರು ಅಲ್ಲೇ ಎರಡು ಕವಲಾಗಿ ಹರಿಯುತ್ತಿತ್ತು. ತೊಡೆಯ ಮೇಲೆ ಬಿಚ್ಚಿಟ್ಟ ಬಲ ಅಂಗೈಯಲ್ಲಿ ಒಂದು ಜೋಡಿ ಎತ್ತಿನ ಗಾಡಿ ಸರಾಗವಾಗಿ ತಿರುಗಬಹುದು. ಯೂನಿಫಾರ್ಮಿನ ಲಂಗ, ಎರಡು ಜಡೆ. ಬಲ ಜಡೆ ಸರಿಯಾಗಿತ್ತು. ಎಡ ಜಡೆ ಅರ್ಧ ಬಿಚ್ಚಿ, ರಿಬ್ಬನ್ನು ಹೆಗಲ ಮೇಲೆ ಜಾರಿತ್ತು. ಹೆಗಲ ಮೇಲೆ ಬೆಳ್ಳಕ್ಕಿಗಳು ಸಾಲಾಗಿ ಕೂತಿದ್ದವು, ಬಿದ್ದ ಹೂವುಗಳಂತೆ. ಅವಳ ಎತ್ತರ ಹೇಳಲು ನನ್ನ ಹತ್ತಿರವಿರುವ ಸುಳ್ಳು ಸಾಲದು.

ಕಣ್ಣಿಗೆ ಮಾತ್ರ ಬಿಳಿ ಬಟ್ಟೆ ಕಟ್ಟಿತ್ತು. ಮುಖದ ಪಕ್ಕ ಬೊಂಬಿನ ಸಾರುವೆ. ಆಚೆಗೆ ಅರ್ಧ ಕಟ್ಟಿದ ಹೋಟೆಲು, ಅದರ ಗೇಟು.

ಕೊನೆಗೂ ಕಾರಿನ ಬಾಗಿಲು ತೆರೆಯಿತು. ಶಿವರಂಜನಿ ನಡೆದು ಹೋಗಿ ಆ ಪಾದದ ಮುಂದೆ ನಿಂತಳು. ಅವಳ ತಲೆ ಗೊಂಬೆಯ ಕಾಲ್ಗೆಜ್ಜೆಗೂ ಮುಟ್ಟುತ್ತಿರಲಿಲ್ಲ.

“ಇದು ನಾನು,” ಎಂದಳು.

ನಾನು ತಲೆಯಾಡಿಸಿದೆ.

“ಅಮ್ಮ ಹಾಕಿದ ಜಡೆ ಸಂಜೆತನಕ ಬಿಚ್ತಿರಲಿಲ್ಲ. ಅಪ್ಪ ಹಾಕಿದ ದಿನ ಎಡಗಡೇದು ಸ್ಕೂಲು ಮುಟ್ಟೋ ಮೊದಲೇ ಬಿಚ್ಚೋದು. ನಾನು ಅಳ್ತಿದ್ದೆ.” ಅವಳು ಆ ಪಾದದ ಸಿಮೆಂಟಿನ ಕಿರುಬೆರಳನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಳು. “ಇಷ್ಟು ದೊಡ್ಡದಾಗಿ ಜ್ಞಾಪಕ ಇಟ್ಕೊಂಡಿದ್ರಾ?”

ಅವಳು ಹಾಗೆಯೇ ಮೇಲಕ್ಕೆ ನೋಡುತ್ತಾ ಹೋದಳು: ಮೊಣಕಾಲು, ಲಂಗದ ನೆರಿಗೆ, ಅಂಗೈ, ಹೆಬ್ಬೆಟ್ಟು. ಹೆಬ್ಬೆಟ್ಟಿನ ಹತ್ತಿರ ಅವಳ ನೋಟ ನಿಂತಿತು.

ಅಲ್ಲಿ ಒಂದು ದೃಷ್ಟಿಬೊಂಬೆ ನೇತಾಡುತ್ತಿತ್ತು. ಕಟ್ಟುವ ಮನೆಗಳ ಮುಂದೆಲ್ಲ ಇರುತ್ತದಲ್ಲ, ಹಾಗೆ: ಹುಲ್ಲು ತುಂಬಿದ ಮೈ, ಮಡಕೆಯ ತಲೆ, ಸುಣ್ಣದ ಹಲ್ಲು, ಮೇಲೊಂದು ಚೌಕಳಿಯ ಅಂಗಿ.

“ಅಂಕಲ್,” ಎಂದಳು ಶಿವರಂಜನಿ. “ಅದು ಅಪ್ಪನ ಅಂಗಿ.”

“ಚೌಕಳಿ ಅಂಗಿ ಊರಿಗೆಲ್ಲ ಇರುತ್ತವ್ವ.”

“ಇದು ಇರಲ್ಲ. ಎಡ ತೋಳು ನೋಡಿ. ಅಡ್ಡ ನೀಲಿ ಗೆರೆ ಇರಬೇಕಾದ ಕಡೆ ಇಲ್ಲ, ಬರೀ ಬಿಳಿ. ಮಗ್ಗದಲ್ಲಿ ಎಳೆ ತಪ್ಪಿದ ತುಂಡು ಅದು. ನಾನೇ ರಿಜೆಕ್ಟ್ ಮಾಡಿದ್ದು. ಅಂಗಡಿಗೆ ಹೋಗಲೇ ಇಲ್ಲ. ಆ ತುಂಡನ್ನ ಕೇಳಿ ಇಸ್ಕೊಂಡು ಅಪ್ಪಂಗೆ ಅಂಗಿ ಹೊಲಿಸಿ ಕಳಿಸಿದ್ದೆ. ಲೋಕದಲ್ಲಿ ಅದೊಂದೇ ಅಂಗಿ ಇರೋದು.” ಅವಳು ಮತ್ತೊಮ್ಮೆ ಅಂಗಿಯ ಕಡೆ ನೋಡಿದಳು. “ಅದೂ ಹೊಸದು. ದೃಷ್ಟಿಬೊಂಬೆಗೆ ಯಾರಾದ್ರೂ ಹೊಸ ಅಂಗಿ ಹಾಕ್ತಾರಾ? ಹರಿದದ್ದು, ತೊಟ್ಟು ಬಿಟ್ಟದ್ದು ಹಾಕ್ತಾರೆ.”

ನಾನು ಮೀಸೆಯ ಮೇಲೆ ಕೈಯಾಡಿಸಿ ಸಾರುವೆ ಹತ್ತಿದೆ. ಮಂಗ ನಾಚುವಂತೆ ಹತ್ತಿದೆ ಎಂದು ಬರೆಯಬಹುದು. ನಡುವೆ ಎರಡು ಕಡೆ ಬೊಂಬು ತಬ್ಬಿಕೊಂಡು ಬೆಟ್ಟದ ಮಾದಪ್ಪನನ್ನು ಕರೆದದ್ದು ಶಿವರಂಜನಿಗೆ ಕೇಳಿಸಿರಲಿಕ್ಕಿಲ್ಲ.

ಮೇಲೆ, ಆ ಕೆನ್ನೆಯ ಪಕ್ಕದ ಹಲಗೆಯ ಮೇಲೆ, ಮೇಡಂ ಅವರ ಗೋಡೆ ಕನ್ನಡಿ ಇತ್ತು. ನಡುವಿನಿಂದ ಸೀಳಿತ್ತು. ಡಬ್ಬಿ ಉರುಳಿ, ಕಪ್ಪು ಬಣ್ಣ ಹಲಗೆಯ ಮೇಲೆ ಹರಿದು ಗಟ್ಟಿಯಾಗತೊಡಗಿತ್ತು. ಬ್ರಶ್ಶು ಕಾಣಲಿಲ್ಲ.

ಯಾರೋ ಅವಸರದಲ್ಲಿ ಮತ್ತೆ ಕಟ್ಟಿದಂತೆ ಬಟ್ಟೆಯ ಗಂಟು ಸಡಿಲವಾಗಿತ್ತು. ನಾನು ಮುಟ್ಟುವ ಮೊದಲೇ ಕಾಲುವೆಯ ಕಡೆಯಿಂದ ಬಂದ ಗಾಳಿ ಅದನ್ನು ಎಳೆದುಕೊಂಡು ಹೋಯಿತು. ಬೆಳ್ಳಕ್ಕಿಗಳು ಒಟ್ಟಿಗೆ ಎದ್ದವು.

ಕೆಳಗೆ ಶಿವರಂಜನಿ ಚೀರಿದಳು.

ಬಲಗಣ್ಣು ತೆರೆದಿತ್ತು. ಕರಿ ಪಾಪೆ, ಅದರೊಳಗೆ ಎಳ್ಳಿನಷ್ಟು ಬಿಳಿ ಬೆಳಕು. ಬರೀ ಸಿಮೆಂಟು ಎಂದು ಗೊತ್ತಿದ್ದೂ ನಾನು ಕೈಮುಗಿದೆ. ಅದು ನನ್ನನ್ನು ನೋಡುತ್ತಿರಲಿಲ್ಲ; ನನ್ನ ಹೆಗಲ ಮೇಲಿಂದ, ಅಪ್ಪ ಬರುವ ದಾರಿ ಕಾಯುವ ಮಗುವಿನಂತೆ, ರಸ್ತೆಯ ಕಡೆ ನೋಡುತ್ತಿತ್ತು.

ಎಡಗಣ್ಣು ಬಿಳಿ. ಬರೀ ಬಿಳಿ.

ಬೆರಳ ತುದಿಯಿಂದ ಪಾಪೆಯ ಅಂಚು ಮುಟ್ಟಿದೆ. ಬೆರಳಿಗೆ ಕಪ್ಪು ಅಂಟಿತು.

“ಹಸಿ ಇದೆ!” ಎಂದು ಕೂಗಿದೆ. “ಇವತ್ತೇ ಬರೆದಿದ್ದಾರೆ!”

“ಒಂದೇನಾ?”

“ಒಂದೇ.”

ಅವಳು ಗೊಂಬೆಯ ಪಾದಕ್ಕೆ ಒರಗಿ ಕೂತಳು. ಒಂದು ಕಣ್ಣು ಬಿಟ್ಟು ತಾನಾಗಿ ಇಳಿಯುವ ಮನುಷ್ಯನಲ್ಲ ಅವಳಪ್ಪ ಎಂಬುದನ್ನು ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ.

ನಾನು ಕೆಳಗಿಳಿಯುವಷ್ಟರಲ್ಲಿ ಒಂದು ಜೀಪು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಇಳಿದದ್ದು ಬಿಳಿ ಪಂಚೆ, ಬಿಳಿ ಷರಟು, ಹಣೆಯಲ್ಲಿ ವಿಭೂತಿಯ ಮೂರು ಪಟ್ಟೆ. ಹೋಟೆಲಿನ ರುದ್ರೇಶ್.

“ಯಾರ್ರೀ ಅದು, ಸಾರುವೆ ಹತ್ತಿದ್ದು?”

“ಪತ್ತೇದಾರ ಮಹಾದೇವಸ್ವಾಮಿ!” ಎಂದೆ ಎದೆಯುಬ್ಬಿಸಿ. “ಶಿವಮಲ್ಲಪ್ಪನವರನ್ನು ಎಲ್ಲಿಟ್ಟಿದ್ದೀರಿ?”

“ನಾನು ಯಾಕ್ರೀ ಇಡ್ಲಿ? ನಾನೇ ಅವ್ರನ್ನ ಹುಡುಕ್ತಾ ಇವ್ನಿ. ಕಾವೇರಮ್ಮನ್ನ ಮಾಡ್ಕೊಡಿ ಅಂದೆ ಕಣ್ರೀ ನಾನು. ಕಿರೀಟ, ಕಳಸ, ಎಲ್ಲಾ ಬರ್ಕೊಟ್ಟಿದ್ದೆ. ಮುಸುಕು ತೆಗೆದು ನೋಡಿದ್ರೆ ಇಸ್ಕೂಲು ಮಗ! ಜಡೆ ಬೇರೆ ಬಿಚ್ಚೋಗದೆ! ಊರೋರೆಲ್ಲ ‘ರುದ್ರೇಶಪ್ಪಾ, ನಿಮ್ಮ ಹೆಣ್ಣುಮಗೀಗೆ ತಲೆ ಬಾಚೋರಿಲ್ವಾ’ ಅಂತಾರೆ.”

“ಅದಕ್ಕೆ ಮುಖ ಒಡೆಸ್ತೀನಿ ಅಂದ್ರಾ?” ಶಿವರಂಜನಿ ಎದ್ದು ಬಂದಳು.

ರುದ್ರೇಶ್ ಅವಳನ್ನು ನೋಡಿದ. ಮೇಲಿದ್ದ ಮುಖ ನೋಡಿದ. ಮತ್ತೆ ಅವಳನ್ನು ನೋಡಿದ. ಅವನ ದನಿ ಇಳಿಯಿತು.

“ಕೋಪಕ್ಕೆ ಅಂದಿದ್ದು ಕಣಮ್ಮ.”

“ಈ ದೃಷ್ಟಿಬೊಂಬೆ ಕಟ್ಟಿದ್ದು ಯಾರು?”

“ಅದೇ ನಂಗೂ ಗೊತ್ತಿಲ್ಲ. ಬೆಳಿಗ್ಗೆ ಇರ್ಲಿಲ್ಲ.”

“ಬೆಳಿಗ್ಗೆ ಇಲ್ಲಿಗೆ ಬಂದಿದ್ರಾ ನೀವು?”

“ಇಲ್ಲ... ಈ ದಾರೀಲಿ ಹೋದೆ.”

ಆಗ ನಾನು ನೋಡಿದೆ. ಹದ್ದಿಗೂ ಕಾಣದ್ದು ನನಗೆ ಕಂಡಿತು: ಅವನ ಬಿಳಿ ಪಂಚೆಯ ಅಂಚಿನಲ್ಲಿ ಉಗುರಿನಷ್ಟು ಕಪ್ಪು. ನನ್ನ ಬೆರಳಿಗೆ ಅಂಟಿದ್ದ ಕಪ್ಪನ್ನು ಅದರ ಪಕ್ಕಕ್ಕೆ ಹಿಡಿದೆ. ಒಂದೇ ಕಪ್ಪು, ಒಂದೇ ಹೊಳಪು.

“ಇದೇನು ಸ್ವಾಮಿ?”

ರುದ್ರೇಶ್ ಪಂಚೆ ಎತ್ತಿ ನೋಡಿಕೊಂಡ. “ಅದಾ... ಗೇಟಿಗೆ ಪೇಂಟ್ ಹೊಡೆಸ್ತಿದ್ದೆ.”

ಮೂವರೂ ಗೇಟಿನ ಕಡೆ ತಿರುಗಿದೆವು. ಗೇಟು ಹಸಿರು. ಅದೂ ಹಳೆಯ ಹಸಿರು, ಅರ್ಧ ತುಕ್ಕು.

ಅವನ ಹಣೆಯ ವಿಭೂತಿ ಬೆವರಿಗೆ ಕರಗತೊಡಗಿತು. ನನ್ನ ಜೀವಮಾನದಲ್ಲೇ ಇಷ್ಟು ಚೆನ್ನಾಗಿ ಯಾರನ್ನೂ ಹಿಡಿದಿರಲಿಲ್ಲ. ಇನ್ನೊಂದು ಹೆಜ್ಜೆ ಮುಂದಿಟ್ಟೆ. ಅದೇ ತಪ್ಪಾಯಿತು. ಹತ್ತಿರ ಹೋದದ್ದರಿಂದ ಅವನಿಗೆ ನನ್ನ ಮುಖ ಸರಿಯಾಗಿ ಕಂಡಿತು.

“ತಡೀರಿ ತಡೀರಿ.” ರುದ್ರೇಶ್ ಕಣ್ಣು ಕಿರಿದು ಮಾಡಿದ. “ಏನ್ ಪತ್ತೇದಾರ್ರು ನೀವು? ನೀವು ಮಾದೇವಣ್ಣ ಅಲ್ವಾ? ಮದುವೆ ಕಾರು ಓಡ್ಸೋ ಮಾದೇವಣ್ಣ? ಮಲ್ಲಪ್ಪನೋರನ್ನ ಯಾವಾಗ್ಲೂ ಇಲ್ಲಿಗೆ ಕರ್ಕೊಂಡು ಬರೋರು ನೀವೇ ತಾನೆ? ಹೋದ ವಾರ ಇದೇ ಕಾರಲ್ಲಿ ಬಂದು, ಇದೇ ಗೊಂಬೆ ಪಾದದ ಮೇಲೆ ಇಬ್ರೂ ಕುಂತ್ಕೊಂಡು ಮಂಡಕ್ಕಿ ತಿಂತಾ ನಗ್ತಾ ಇದ್ರಿ! ಅಮ್ಮ, ನನ್ನ ಪಂಚೆ ಆಮೇಲೆ ನೋಡಿ. ನಿಮ್ಮಪ್ಪ ಎಲ್ಲಿ ಅಂತ ಮೊದಲು ಇವ್ರನ್ನ ಕೇಳಿ.”

ಗಾಳಿಗೆ ದೃಷ್ಟಿಬೊಂಬೆ ಒಂದು ಸುತ್ತು ತಿರುಗಿತು.

ಶಿವರಂಜನಿ ನನ್ನ ಕಡೆ ತಿರುಗಿದಳು. ಬಟ್ಟೆಯಲ್ಲಿ ತಪ್ಪಿದ ಎಳೆ ಹುಡುಕುವವಳ ಕಣ್ಣು ಹೇಗಿರುತ್ತದೆಂದು ನನಗೆ ಆಗ ಗೊತ್ತಾಯಿತು.

“ಬಾಳೆಹಣ್ಣಿನ ಹತ್ರ ನಿಲ್ಸಿದ್ರಿ. ಗುಲಗಂಜಿ ಹತ್ರ ನಿಲ್ಸಿದ್ರಿ. ಬೋರ್ಡಿಲ್ಲದ ಈ ರಸ್ತೆಗೆ ಯಾರನ್ನೂ ಕೇಳದೆ ತಿರುಗಿಸಿದ್ರಿ. ನಿಮಗೆ ಎಲ್ಲಾ ಗೊತ್ತಿತ್ತು.”

“ನೋಡವ್ವ, ನನ್ನ ಎಡಕಿವಿ...”

“ಅಂಕಲ್.”

ಸುಳ್ಳಿಗೆ ಬಾಯಿ ತೆರೆದೆ. ಮೇಲಿಂದ ಒಂದು ಕಣ್ಣು, ಕೆಳಗಿಂದ ಎರಡು ಕಣ್ಣು ನನ್ನನ್ನು ನೋಡುತ್ತಿದ್ದವು. ಬಂದ ಸುಳ್ಳು ಬಂದ ಹಾಗೆಯೇ ಹಿಂದಕ್ಕೆ ಹೋಯಿತು.

“ನಾನು ಪತ್ತೇದಾರ ಅಲ್ಲ,” ಎಂದೆ. ಓದುಗರೇ, ಇದು ನಿಮಗೂ. “ಮೈಸೂರಲ್ಲಿ ಮದುವೆಗೆ ಕಾರು ಓಡಿಸ್ತೀನಿ. ನಿಮ್ಮಪ್ಪನ್ನ ಕೆಲಸದಿಂದ ಕೆಲಸಕ್ಕೆ ಕರ್ಕೊಂಡು ತಿರುಗೋನು ನಾನೇ. ಅವರು ಕಾಣೆಯಾಗಿರಲಿಲ್ಲ. ನಾಟಕ ಅದು.”

“ನಾಟಕ?”

“‘ಬದನೆಕಾಯಿ ಆದ್ಮೇಲೆ ನನ್ನ ಮಗಳು ನಾನು ಮಾಡಿದ್ದನ್ನ ಒಂದೂ ಕಣ್ಣಾರೆ ನೋಡಿಲ್ಲ ಮಾದೇವಣ್ಣ’ ಅಂದ್ರು. ‘ಬಾ ಅಂದ್ರೆ ರಜೆ ಇಲ್ಲ ಅಂತಾಳೆ. ಬಂದ್ರೂ ರೈಲಲ್ಲೇ ಬರ್ತಾಳೆ. ಇದನ್ನ ಮಾತ್ರ ಅವಳು ನೋಡಲೇಬೇಕು’ ಅಂದ್ರು. ನೀವು ಕಾಣೆಯಾದ್ರೆ ಬಂದೇ ಬರ್ತಾಳೆ ಅಂತ ಐಡಿಯಾ ಕೊಟ್ಟೋನು ನಾನು. ಪತ್ತೇದಾರನ ವೇಷವೂ ನಂದೇ. ಅವರು ಬೇಡ ಅಂದ್ರು. ಆಮೇಲೆ ಒಪ್ಪಿಕೊಂಡ್ರು.”

“ಅಮ್ಮ ಫೋನಲ್ಲಿ ಅತ್ತಿದ್ದು?”

“ಈರುಳ್ಳಿ ಹೆಚ್ಚುತಿದ್ರು.”

ಅವಳ ಕೈ ಮೇಲೆದ್ದಿತು. ಹೊಡೆಯುತ್ತಾಳೆಂದು ನಾನು ಕೆನ್ನೆ ಕೊಟ್ಟು ನಿಂತೆ. ಅವಳು ಹೊಡೆಯಲಿಲ್ಲ. ಆ ಕೈಯಿಂದ ತನ್ನ ಬಾಯಿಯನ್ನೇ ಮುಚ್ಚಿಕೊಂಡಳು.

“ಬೆಳಿಗ್ಗೆಯಿಂದ ಅಪ್ಪನ ಹೆಣ ಎಷ್ಟು ಸಲ ನೋಡಿದೀನಿ ಗೊತ್ತಾ ನಿಮಗೆ? ಪ್ರತಿ ಹಳ್ಳದಲ್ಲಿ, ಪ್ರತಿ ಸೇತುವೆ ಕೆಳಗೆ?”

“ತಪ್ಪಾಯ್ತವ್ವ.”

“ಹಾಗಾದ್ರೆ ಅದೂ ನಾಟಕಾನೇ.” ಅವಳು ಹೆಬ್ಬೆಟ್ಟಿನ ಕಡೆ ಬೆರಳು ತೋರಿಸಿದಳು. “ಆ ಅಂಗಿ. ಒಡೆದ ಕನ್ನಡಿ. ಒಂದು ಕಣ್ಣು. ಹೇಳ್ಬಿಡಿ ಅಂಕಲ್. ಅಪ್ಪ ಯಾವ ಕಬ್ಬಿನ ಹಿಂದೆ ನಿಂತು ನಗ್ತಿದ್ದಾರೆ? ಬರೋಕೆ ಹೇಳಿ. ನಾನು ಬೈಯಲ್ಲ.”

ಅವಳ ದನಿಯಲ್ಲಿ ಇದ್ದದ್ದು ಸಿಟ್ಟಲ್ಲ, ಆಸೆ. ನಾನು ಹೌದು ಎಂದುಬಿಟ್ಟಿದ್ದರೆ ಅವಳು ಆ ಕ್ಷಣ ನನ್ನ ಕಾಲಿಗೆ ಬೀಳುತ್ತಿದ್ದಳು.

ರುದ್ರೇಶ್ ಜೀಪಿನ ಕಡೆ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಿದ್ದುದು ನನಗೆ ಕಾಣುತ್ತಿತ್ತು. ನಾನು ತಡೆಯಲಿಲ್ಲ.

“ಬಣ್ಣಾರಿಯಲ್ಲಿ ನೀನು ಕಾಫಿ ಕುಡೀತಿದ್ದಾಗ ಫೋನು ಮಾಡಿದ್ರು,” ಎಂದೆ. “‘ನೀವು ಬರೋ ಹೊತ್ಗೆ ಎರಡು ಕಣ್ಣೂ ತೆರೆದು, ಮಗಳು ಕಳಿಸಿದ ಹೊಸ ಅಂಗಿ ಹಾಕ್ಕೊಂಡು, ಪಾದದ ಹತ್ರ ನಿಂತಿರ್ತೀನಿ’ ಅಂದ್ರು. ನಮ್ಮ ನಾಟಕದಲ್ಲಿ ಇದ್ದದ್ದು ಅಷ್ಟೇ. ಬೊಂಬೆ ಇರ್ಲಿಲ್ಲ. ಒಡೆದ ಕನ್ನಡಿ ಇರ್ಲಿಲ್ಲ. ಮಧ್ಯಾಹ್ನದಿಂದ ನಾನು ಮಾಡಿದ ಒಂದು ಫೋನನ್ನೂ ಅವರು ಎತ್ತಿಲ್ಲ.”

ಅವಳು ನನ್ನ ಮುಖವನ್ನು ಎಳೆ ಎಳೆಯಾಗಿ ನೋಡಿದಳು, ಎಲ್ಲಾದರೂ ಒಂದು ಸುಳ್ಳು ಸಿಕ್ಕೀತೇ ಎಂದು. ಸಿಗಲಿಲ್ಲ.

“ಇಲ್ಲೀತನಕ ಅವರು ಕಾಣೆಯಾಗಿದ್ದು ಸುಳ್ಳು ಕಣವ್ವ,” ಎಂದೆ. “ಈಗ ನಿಜ.”